ಓದುಗರ ಪ್ರಶ್ನೆಗೆ ಉತ್ತರ: ಅಡಿಗೊಂದು ಪೌಂಡಿನ ಸಿನಿಮಾ

ಬ್ರಿಟಿಷ್ ಚಿತ್ರೋದ್ಯಮದ ಚರಿತ್ರೆಯನ್ನು ಕುರಿತು ಬಂದ ಪತ್ರಗಳಲ್ಲಿ ಆರನ್ನು ಈ ಸಲ ಎತ್ತಿಕೊಂಡಿದ್ದೇನೆ. ಕೆಲವು ಉತ್ತರಗಳು ಉದ್ದವಾಗಿವೆ; ಪ್ರಶ್ನೆಗಳೇ ಹಾಗಿದ್ದವು.

ಪ್ರಶ್ನೆ: ಸಿನಿಮಾ ಹುಟ್ಟಿದಾಗ ಬ್ರಿಟನ್ ಜಗತ್ತಿನ ಬಲಾಢ್ಯ ದೇಶವಾಗಿತ್ತು. ಆದರೂ ಸಿನಿಮಾದ ಮೊದಲ ಅಧ್ಯಾಯದಲ್ಲಿ ಫ್ರಾನ್ಸ್ ಮತ್ತು ಅಮೆರಿಕದ ಹೆಸರುಗಳಷ್ಟೇ ಕಾಣುತ್ತವೆ. ಬ್ರಿಟನ್ನಿನವರು ಆಗ ಏನು ಮಾಡುತ್ತಿದ್ದರು? (ನಿವೃತ್ತ ಅಧ್ಯಾಪಕರೊಬ್ಬರು, ಶಿವಮೊಗ್ಗ)

ಅವರೇನೂ ಕೈಕಟ್ಟಿ ಕುಳಿತಿರಲಿಲ್ಲ. ಲಂಡನ್ನಿನ ಹ್ಯಾಟನ್ ಗಾರ್ಡನ್‌ನಲ್ಲಿ ವಿದ್ಯುತ್ ಉಪಕರಣಗಳನ್ನು ತಯಾರಿಸುತ್ತಿದ್ದ ರಾಬರ್ಟ್ ಪಾಲ್ ಬಳಿಗೆ 1894ರಲ್ಲಿ ಇಬ್ಬರು ಗ್ರೀಕ್ ವ್ಯಾಪಾರಿಗಳು ಬಂದು, ಎಡಿಸನ್ನನ ಕೈನೆಟೊಸ್ಕೋಪಿನ ನಕಲು ಮಾಡಿಕೊಡುವಂತೆ ಕೇಳಿದರು. ಒಂದು ಸಲಕ್ಕೆ ಒಬ್ಬರೇ ಪೆಟ್ಟಿಗೆಯೊಳಗೆ ಇಣುಕಿ ನೋಡಬೇಕಾದ ಯಂತ್ರ ಅದು. ಎಡಿಸನ್ ಬ್ರಿಟನ್ನಿನಲ್ಲಿ ಅದಕ್ಕೆ ಪೇಟೆಂಟ್ ಪಡೆದಿಲ್ಲವೆಂದು ತಿಳಿದ ಪಾಲ್ ನಿಶ್ಚಿಂತೆಯಿಂದ ನಕಲು ಮಾಡಿದ. ಆದರೆ ಯಂತ್ರವೊಂದೇ ಇದ್ದರೆ ಸಾಲದು, ಅದರಲ್ಲಿ ಓಡಿಸಲು ಫಿಲ್ಮೂ ಬೇಕು; ನಕಲು ಯಂತ್ರದವರಿಗೆ ಎಡಿಸನ್ನನ ಕಡೆಯವರು ಫಿಲ್ಮು ಕೊಡಲೊಲ್ಲರು. ಹೀಗಾಗಿ ಪಾಲ್, ಛಾಯಾಗ್ರಾಹಕ ಬರ್ಟ್ ಏಕರ್ಸ್ ಜೊತೆ ಸೇರಿ 1895ರಲ್ಲಿ ಸ್ವಂತ ಕ್ಯಾಮೆರಾವನ್ನೇ ತಯಾರಿಸಿದ. ಮರುವರ್ಷ ಡರ್ಬಿ ಕುದುರೆ ಪಂದ್ಯದಲ್ಲಿ ಯುವರಾಜನ ಕುದುರೆ ಗೆದ್ದುದನ್ನು ಚಿತ್ರಿಸಿ, ರಾತ್ರಿಯೆಲ್ಲ ಕುಳಿತು ಫಿಲ್ಮು ತೊಳೆದು, ಮರುದಿನವೇ ಲಂಡನ್ನಿನ ರಂಗಮಂದಿರದಲ್ಲಿ ತೋರಿಸಿದಾಗ ಜನ ಹುಚ್ಚೆದ್ದು ಕುಣಿದರು.

ಬ್ರೈಟನ್ನಿನ ಪಕ್ಕದ ಹೋವ್ ಎಂಬ ಕಡಲತೀರದ ಊರಿನಲ್ಲಿ ಇನ್ನಿಬ್ಬರಿದ್ದರು. ಗಾಜಿನ ಮೇಲಿನ ಚಿತ್ರಗಳನ್ನು ದೀಪದ ಬೆಳಕಿನಿಂದ ಪರದೆಯ ಮೇಲೆ ಮೂಡಿಸುವ ಮಾಯಾದೀಪದ ಪ್ರದರ್ಶನ ನೀಡುತ್ತಿದ್ದ ಜಾರ್ಜ್ ಆಲ್ಬರ್ಟ್ ಸ್ಮಿತ್ ಒಬ್ಬ, ಔಷಧದಂಗಡಿಯ ಜೇಮ್ಸ್ ವಿಲಿಯಮ್ಸನ್ ಇನ್ನೊಬ್ಬ. 1900ರಲ್ಲಿ ಸ್ಮಿತ್ ತೆಗೆದ ಒಂದು ಪುಟ್ಟ ಚಿತ್ರದಲ್ಲಿ ಹುಡುಗನೊಬ್ಬ ಅಜ್ಜಿಯ ಭೂತಗನ್ನಡಿಯನ್ನು ಹಿಡಿದು ಗಡಿಯಾರದ ಚಕ್ರಗಳನ್ನು, ಪಂಜರದ ಹಕ್ಕಿಯನ್ನು, ಅಜ್ಜಿಯ ಕಣ್ಣನ್ನೇ ನೋಡುತ್ತಾನೆ. ಅವನು ನೋಡಿದ ಪ್ರತಿಯೊಂದೂ ದುಂಡನೆಯ ಚೌಕಟ್ಟಿನಲ್ಲಿ ತೆರೆಯ ತುಂಬ ಬಂದು ನಿಲ್ಲುತ್ತದೆ. ನೋಡುವವನನ್ನು ಒಂದು ತುಣುಕಿನಲ್ಲಿ, ಅವನು ಕಂಡದ್ದನ್ನು ಮುಂದಿನ ತುಣುಕಿನಲ್ಲಿ ತೋರಿಸಿ ಎರಡನ್ನೂ ಜೋಡಿಸುವ ಈ ಕ್ರಮ ಇಂದು ಪ್ರತಿ ಧಾರಾವಾಹಿಯಲ್ಲೂ ನಿಮಿಷಕ್ಕೆ ಹತ್ತು ಸಲ ಬರುವುದರಿಂದ, ಇದನ್ನೂ ಯಾರೋ ಮೊದಲು ಯೋಚಿಸಬೇಕಾಗಿತ್ತು ಎಂಬುದೇ ನಮಗೆ ಮರೆತುಹೋಗಿದೆ.

ಮೂರನೆಯವನು ಸೆಸಿಲ್ ಹೆಪ್‌ವರ್ತ್. ಕದ್ದೊಯ್ದ ಮಗುವನ್ನು ಮನೆಯ ನಾಯಿ ಹುಡುಕಿ ತರುವ ಕಥೆಯೊಂದನ್ನು ಅವನು 1905ರಲ್ಲಿ ತಯಾರಿಸಿದ. ಕಥೆ ಹೆಂಡತಿಯದು, ಮಗು ತನ್ನದೇ, ನಾಯಿಯೂ ತನ್ನದೇ. ಒಟ್ಟು ಖರ್ಚು 7 ಪೌಂಡು 13 ಷಿಲಿಂಗ್ 9 ಪೆನ್ಸ್. ಅದರ 395 ಪ್ರತಿಗಳು ಮಾರಾಟವಾದವು. ಪ್ರತಿ ತೆಗೆದೂ ತೆಗೆದೂ ನೆಗೆಟಿವ್ ಸವೆದುಹೋದದ್ದರಿಂದ ಇಡೀ ಚಿತ್ರವನ್ನು ಇನ್ನೆರಡು ಸಲ ಹೊಸದಾಗಿ ಚಿತ್ರೀಕರಿಸಬೇಕಾಯಿತು. ಅದೇ ಹೆಪ್‌ವರ್ತ್ 1924ರಲ್ಲಿ ದಿವಾಳಿಯಾದಾಗ ಅವನ ನೆಗೆಟಿವ್‌ಗಳನ್ನು ಮಾರಿ ಕರಗಿಸಿಬಿಟ್ಟರು.

ಈ ಇಪ್ಪತ್ತು ವರ್ಷಗಳಲ್ಲಿ ಆದದ್ದೇನು? ಮೊದಲ ಮಹಾಯುದ್ಧ ಯೂರೋಪಿನ ಹಣ, ಜನ ಎರಡನ್ನೂ ತಿಂದುಹಾಕಿತು ಎಂಬುದು ಅರ್ಧ ಉತ್ತರ. ಉಳಿದರ್ಧ ವ್ಯಾಪಾರದ್ದು. ಅಮೆರಿಕದ ಚಿತ್ರ ತನಗೆ ಹಾಕಿದ ಹಣವನ್ನು ಸ್ವದೇಶದ ಸಾವಿರಾರು ಚಿತ್ರಮಂದಿರಗಳಲ್ಲೇ ಗಿಟ್ಟಿಸಿಕೊಂಡು ಹಡಗು ಹತ್ತುತ್ತಿತ್ತು; ಲಂಡನ್ನಿನಲ್ಲಿ ಅದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬಂದದ್ದೆಲ್ಲ ಲಾಭವೇ. ಜರ್ಮನರಿಗೂ ಫ್ರೆಂಚರಿಗೂ ತಮ್ಮ ಭಾಷೆಯ ಬೇಲಿಯಾದರೂ ಇತ್ತು. ಬ್ರಿಟನ್ನಿಗೆ ಅದೂ ಇರಲಿಲ್ಲ. ಅಮೆರಿಕದವರ ಭಾಷೆಯೂ ಇವರದೇ ಆದದ್ದು ಬ್ರಿಟಿಷ್ ಸಿನಿಮಾದ ದೊಡ್ಡ ದುರದೃಷ್ಟ ಎಂದು ನಾನು ತಿಳಿದಿದ್ದೇನೆ.

ಪ್ರಶ್ನೆ: ಕನ್ನಡ ಚಿತ್ರಗಳಿಗೆ ಚಿತ್ರಮಂದಿರ ಸಿಗುತ್ತಿಲ್ಲ ಎಂಬ ಮಾತು ಬಂದಾಗಲೆಲ್ಲ, ಇಂತಿಷ್ಟು ಪಾಲು ನಮ್ಮ ಚಿತ್ರಗಳಿಗೇ ಎಂದು ಕಾನೂನು ಮಾಡಿ ಎನ್ನುವವರಿದ್ದಾರೆ. ಬ್ರಿಟನ್ನಿನಲ್ಲಿ ಇಂಥ ಕಾನೂನು ಇತ್ತಂತೆ. ಅದರಿಂದ ಒಳ್ಳೆಯದಾಯಿತೆ? (ಓದುಗರೊಬ್ಬರು, ಧಾರವಾಡ)

ಇತ್ತು. 1920ರ ದಶಕದ ನಡುವೆ ಬ್ರಿಟನ್ನಿನ ತೆರೆಗಳ ಮೇಲೆ ಓಡುತ್ತಿದ್ದ ಚಿತ್ರಗಳಲ್ಲಿ ಸ್ವದೇಶದವು ನೂರಕ್ಕೆ ಐದರಷ್ಟೂ ಇರಲಿಲ್ಲ ಎನ್ನಬಹುದು. 1924ರ ನವೆಂಬರಿನಲ್ಲಿ ಸ್ಟುಡಿಯೋಗಳೆಲ್ಲ ಖಾಲಿ ಬಿದ್ದು, ಆ ತಿಂಗಳಿಗೆ ಕರಾಳ ನವೆಂಬರ್ ಎಂಬ ಹೆಸರೇ ಬಂದಿತು. ಅಮೆರಿಕದ ವಿತರಕರ ಪದ್ಧತಿ ಹೀಗಿತ್ತು: ಜನ ಮುಗಿಬೀಳುವ ಒಂದು ದೊಡ್ಡ ತಾರೆಯ ಚಿತ್ರ ಬೇಕಾದರೆ, ಅದರ ಜೊತೆಗೆ ಇನ್ನೂ ತಯಾರಾಗದ, ಯಾರೂ ಕಣ್ಣಿಂದ ಕಾಣದ ಹತ್ತಾರು ಚಿತ್ರಗಳನ್ನೂ ಚಿತ್ರಮಂದಿರದವನು ಒಟ್ಟಿಗೇ ಒಪ್ಪಿಕೊಳ್ಳಬೇಕು. ಹಾಗೆ ಒಪ್ಪಿಕೊಂಡವನ ಬಳಿ ವರ್ಷದ ವಾರಗಳೆಲ್ಲ ಮೊದಲೇ ತುಂಬಿಹೋಗಿ, ಸ್ವದೇಶದ ನಿರ್ಮಾಪಕ ಡಬ್ಬಿ ಹೊತ್ತುಕೊಂಡು ಬಂದರೆ ಅವನಿಗೆ ಕೊಡಲು ಒಂದು ವಾರವೂ ಉಳಿದಿರುತ್ತಿರಲಿಲ್ಲ.

1927ರ ಚಲನಚಿತ್ರ ಕಾಯ್ದೆ ಈ ಪದ್ಧತಿಗೆ ಕಡಿವಾಣ ಹಾಕಿತು. ಜೊತೆಗೆ, ವಿತರಕನು ತಾನು ಹಂಚುವ ಚಿತ್ರಗಳಲ್ಲಿ ಶೇಕಡ 7.5ರಷ್ಟು, ಪ್ರದರ್ಶಕನು ತಾನು ತೋರಿಸುವುದರಲ್ಲಿ ಶೇಕಡ 5ರಷ್ಟು ಬ್ರಿಟಿಷ್ ಚಿತ್ರಗಳನ್ನು ಇಟ್ಟುಕೊಳ್ಳಲೇಬೇಕೆಂದು ವಿಧಿಸಿತು. ಹತ್ತು ವರ್ಷಗಳೊಳಗೆ ಈ ಪಾಲು ಶೇಕಡ 20ಕ್ಕೆ ಏರಬೇಕಾಗಿತ್ತು. ಬ್ರಿಟಿಷ್ ಚಿತ್ರವೆಂದರೆ ಯಾವುದು? ಬ್ರಿಟಿಷ್ ಸಾಮ್ರಾಜ್ಯದೊಳಗಿನ ಕಂಪನಿ ತಯಾರಿಸಿದ್ದು, ಸ್ಟುಡಿಯೋ ದೃಶ್ಯಗಳನ್ನು ಸಾಮ್ರಾಜ್ಯದೊಳಗೇ ತೆಗೆದದ್ದು, ಚಿತ್ರಕಥೆ ಬರೆದವನು ಬ್ರಿಟಿಷ್ ಪ್ರಜೆ, ಸಂಬಳದ ಮುಕ್ಕಾಲು ಪಾಲು ಬ್ರಿಟಿಷ್ ಪ್ರಜೆಗಳಿಗೆ ಸಂದದ್ದು. ಚಿತ್ರ ಹೇಗಿರಬೇಕು, ಅದಕ್ಕೆ ಕನಿಷ್ಠ ಎಷ್ಟು ಖರ್ಚಾಗಬೇಕು ಎಂಬುದರ ಬಗ್ಗೆ ಕಾನೂನು ಏನನ್ನೂ ಹೇಳಲಿಲ್ಲ.

ಅಲ್ಲೇ ಬಿತ್ತು ಕನ್ನ. ಅಮೆರಿಕದ ಕಂಪನಿಗಳು ತಮ್ಮ ಚಿತ್ರಗಳನ್ನು ಹಂಚಲು ಬ್ರಿಟಿಷ್ ಚಿತ್ರಗಳನ್ನೂ ಹಂಚಲೇಬೇಕಾಗಿದ್ದರಿಂದ, ಯಾರಾದರೂ ಸರಿ, ಬೇಗ ತೆಗೆದುಕೊಡಿ ಎಂದು ಸಣ್ಣಪುಟ್ಟ ನಿರ್ಮಾಪಕರಿಗೆ ಗುತ್ತಿಗೆ ಕೊಟ್ಟವು. ಕೆಲವು ತಾವೇ ಲಂಡನ್ನಿನ ಆಸುಪಾಸಿನಲ್ಲಿ ಸ್ಟುಡಿಯೋ ಹಿಡಿದವು. ದರ ಅಡಿಗೊಂದು ಪೌಂಡು. ಬಟ್ಟೆಯಂಗಡಿಯಲ್ಲಿ ಗಜಕ್ಕಿಷ್ಟು ಎನ್ನುವ ಹಾಗೆ ಸಿನಿಮಾವನ್ನು ಅಡಿಯ ಲೆಕ್ಕದಲ್ಲಿ ಕೊಂಡರು. ಟಾಕಿ ಚಿತ್ರದ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. ಆರು ಸಾವಿರ ಅಡಿಯ ಚಿತ್ರವೆಂದರೆ ಒಂದು ಗಂಟೆ ಏಳು ನಿಮಿಷ, ಆರು ಸಾವಿರ ಪೌಂಡು. ನಿರ್ಮಾಪಕನು ಲಾಭ ಮಾಡಬೇಕಾದರೆ ಅದಕ್ಕಿಂತ ಕಡಿಮೆಯಲ್ಲಿ, ಎರಡು ವಾರದೊಳಗೆ ಮುಗಿಸಬೇಕು. ನಟ ಮಾತು ತಪ್ಪಿದರೂ, ಗೋಡೆಯ ಸೆಟ್ಟು ಅಲುಗಾಡಿದರೂ ಮತ್ತೊಮ್ಮೆ ತೆಗೆಯಲು ಫಿಲ್ಮಿಲ್ಲ, ಹೊತ್ತಿಲ್ಲ. ಇವುಗಳಿಗೆ ಕೋಟಾ ಕ್ವಿಕಿ, ಅಂದರೆ ಕಾನೂನಿನ ಪಾಲು ತುಂಬಿಸಲು ದಿಢೀರನೆ ತೆಗೆದ ಚಿತ್ರ, ಎಂಬ ಅಡ್ಡಹೆಸರು ಅಂಟಿಕೊಂಡಿತು. ಲೆಕ್ಕ ತುಂಬಿಸಲೆಂದು ಬೆಳಗಿನ ಹೊತ್ತು, ಕಸ ಗುಡಿಸುವವರ ಹೊರತು ಯಾರೂ ಇಲ್ಲದ ಚಿತ್ರಮಂದಿರದಲ್ಲಿ ಇವುಗಳನ್ನು ಓಡಿಸುತ್ತಿದ್ದರು ಎಂಬುದು ಆ ಕಾಲದಿಂದ ಬಂದ ಮಾತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ವರ್ಷಕ್ಕೆ ಕೆಲವೇ ಹತ್ತುಗಳಷ್ಟು ಚಿತ್ರ ತಯಾರಾಗುತ್ತಿದ್ದ ದೇಶದಲ್ಲಿ ಹತ್ತು ವರ್ಷ ತುಂಬುವ ಹೊತ್ತಿಗೆ ಸುಮಾರು ಇನ್ನೂರು ತಯಾರಾಗುತ್ತಿದ್ದವು. ಅಷ್ಟು ಚಿತ್ರಗಳಿಗೆ ಬೆಳಕಿನವರು, ಧ್ವನಿಯವರು, ಬಡಗಿಗಳು, ಸಂಕಲನಕಾರರು ಬೇಕಾದರು. ಅವರೆಲ್ಲ ಕೆಲಸ ಕಲಿತದ್ದು ಈ ಅಡಿ ಲೆಕ್ಕದ ಚಿತ್ರಗಳಲ್ಲಿ. ಮುಂದೆ ಬ್ರಿಟನ್ನಿನ ಅತಿ ಶ್ರೇಷ್ಠ ನಿರ್ದೇಶಕರಲ್ಲಿ ಒಬ್ಬನೆನಿಸಿದ ಮೈಕೆಲ್ ಪೊವೆಲ್ ಐದಾರು ವರ್ಷಗಳಲ್ಲಿ ಇಂಥ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದ. ನಟ ಎರಲ್ ಫ್ಲಿನ್ ಹಾಲಿವುಡ್ಡಿನ ಕಣ್ಣಿಗೆ ಬಿದ್ದದ್ದೂ ವಾರ್ನರ್ ಕಂಪನಿ ಟೆಡಿಂಗ್ಟನ್ನಿನಲ್ಲಿ ತೆಗೆದ ಕೋಟಾ ಚಿತ್ರದಿಂದಲೇ. ಕಾನೂನನ್ನು 1938ರಲ್ಲಿ ತಿದ್ದಿದಾಗ, ಕಾರ್ಮಿಕರ ವೇತನಕ್ಕೆ ಕನಿಷ್ಠ 7,500 ಪೌಂಡು ಖರ್ಚಾಗದ ಚಿತ್ರವನ್ನು ವಿತರಕನ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಸೇರಿಸಿದರು; ದೊಡ್ಡ ಖರ್ಚಿನ ಚಿತ್ರವನ್ನು ಎರಡೆಂದು ಎಣಿಸಲು ಅವಕಾಶ ಕೊಟ್ಟರು. ಅಡಿ ಲೆಕ್ಕದ ವ್ಯಾಪಾರ ಅಲ್ಲಿಗೆ ಬಹುಮಟ್ಟಿಗೆ ನಿಂತಿತು. ಕೋಟಾ ಮಾತ್ರ ಬೇರೆ ಬೇರೆ ಪ್ರಮಾಣದಲ್ಲಿ 1980ರ ದಶಕದ ಆರಂಭದವರೆಗೂ ಉಳಿದಿತ್ತು.

ಇದರ ಒಂದು ಎಳೆ ನಮ್ಮ ದೇಶಕ್ಕೂ ಬರುತ್ತದೆ. 1927ರ ಕಾಯ್ದೆ ಸಾಮ್ರಾಜ್ಯದ ಚಿತ್ರಗಳನ್ನೆಲ್ಲ ಬ್ರಿಟಿಷ್ ಎಂದೇ ಎಣಿಸುತ್ತಿದ್ದುದರಿಂದ, ವಸಾಹತುಗಳಲ್ಲೂ ಸಾಮ್ರಾಜ್ಯದ ಚಿತ್ರಗಳಿಗೆ ಆದ್ಯತೆ ಸಿಗಲಿ ಎಂಬ ಆಸೆ ಲಂಡನ್ನಿನಲ್ಲಿತ್ತು. ಅದೇ ವರ್ಷ ಭಾರತದಲ್ಲಿ ಮದರಾಸಿನ ವಕೀಲ ಟಿ. ರಂಗಾಚಾರ್ ಅವರ ಅಧ್ಯಕ್ಷತೆಯಲ್ಲಿ ಸಿನಿಮಾ ಕುರಿತ ಒಂದು ಸಮಿತಿ ನೇಮಕವಾಯಿತು. ಊರೂರು ತಿರುಗಿ ಸಾಕ್ಷ್ಯ ಕೇಳಿದ ಸಮಿತಿ, ಅಮೆರಿಕದ ಚಿತ್ರಗಳು ಅತಿಯಾಗುವುದು ಅಪಾಯವಾದರೆ ಪಶ್ಚಿಮದ ಬೇರೆ ಚಿತ್ರಗಳು ಅತಿಯಾಗುವುದೂ ಅಷ್ಟೇ ಅಪಾಯವೆಂದು ಹೇಳಿ, ನೆರವು ಬೇಕಾಗಿರುವುದು ಭಾರತದ ಚಿತ್ರಗಳಿಗೆ ಎಂದು ಬರೆಯಿತು. ಸರ್ಕಾರವೇ ನೇಮಿಸಿದ ಸಮಿತಿಯಿಂದ ಆ ಕಾಲಕ್ಕೆ ಇದು ಸಾಮಾನ್ಯ ಮಾತಲ್ಲ. ಸರ್ಕಾರ ವರದಿಯನ್ನು ಕಪಾಟಿನಲ್ಲಿಟ್ಟಿತು ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಿಲ್ಲ.

ಪ್ರಶ್ನೆ: ಬ್ರಿಟನ್ನಿನ ಮೊದಮೊದಲ ಟಾಕಿಯಲ್ಲಿ ನಾಯಕಿಯ ಧ್ವನಿ ಬೇರೆಯವರದಂತೆ. ಆಗಲೇ ಡಬ್ಬಿಂಗ್ ಇತ್ತೆ? (ಕಂಠದಾನ ಕಲಾವಿದೆಯೊಬ್ಬರು, ಬೆಂಗಳೂರು)

ಇರಲಿಲ್ಲ, ಅದೇ ಇದರ ಸ್ವಾರಸ್ಯ. 1929ರಲ್ಲಿ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ಮೂಕಿಚಿತ್ರವೆಂದು ಆರಂಭಿಸಿದ ‘ಬ್ಲ್ಯಾಕ್‌ಮೇಲ್’ ಅರ್ಧ ದಾರಿಯಲ್ಲಿ ಟಾಕಿಯಾಗಬೇಕಾಯಿತು. ನಾಯಕಿ ಆನಿ ಓಂಡ್ರಾ ಚೆಕ್ ನಾಡಿನ ನಟಿ. ಆಕೆಯ ಇಂಗ್ಲಿಷ್ ಉಚ್ಚಾರಣೆ ಲಂಡನ್ನಿನ ಅಂಗಡಿಯವನ ಮಗಳ ಪಾತ್ರಕ್ಕೆ ಒಗ್ಗುವಂಥದ್ದಲ್ಲ. ಆಮೇಲೆ ಧ್ವನಿ ಕೂಡಿಸುವ ಅನುಕೂಲವಿಲ್ಲದ ಕಾರಣ, ಜೋನ್ ಬ್ಯಾರಿ ಎಂಬ ನಟಿ ಚೌಕಟ್ಟಿನ ಆಚೆ ಮೈಕಿನ ಮುಂದೆ ನಿಂತು ಮಾತಾಡಿದಳು, ಓಂಡ್ರಾ ಕ್ಯಾಮೆರಾದ ಎದುರು ತುಟಿಯಾಡಿಸಿದಳು. ಪಾತ್ರ ಒಂದು, ಒಂದೇ ಕ್ಷಣದಲ್ಲಿ ಅಭಿನಯಿಸಿದವರು ಇಬ್ಬರು. ನಮ್ಮ ತೊಗಲುಗೊಂಬೆಯವರಿಗೆ ಇದೇನೂ ಹೊಸದೆನಿಸುತ್ತಿರಲಿಲ್ಲ.

ಅದೇ ಚಿತ್ರದಲ್ಲಿ ಚಾಕುವಿನಿಂದ ಒಬ್ಬನನ್ನು ಕೊಂದ ನಾಯಕಿ ಮರುದಿನ ತಿಂಡಿಗೆ ಕುಳಿತಿರುತ್ತಾಳೆ. ನೆರೆಮನೆಯವಳು ಕೊಲೆಯ ಸುದ್ದಿಯನ್ನೇ ಹರಟುತ್ತಿರುತ್ತಾಳೆ. ಮಾತೆಲ್ಲ ಕಲಸಿ ಗುಜುಗುಜು ಎನ್ನುತ್ತ, ‘ಚಾಕು’ ಎಂಬ ಒಂದು ಪದ ಮಾತ್ರ ಮತ್ತೆ ಮತ್ತೆ ಸ್ಪಷ್ಟವಾಗಿ ಕಿವಿಗೆ ಬಡಿಯುತ್ತದೆ. ಧ್ವನಿ ಬಂದ ಮೊದಲ ವರ್ಷದಲ್ಲೇ ಇಂಥದ್ದನ್ನು ಯೋಚಿಸಿದ ಬುದ್ಧಿಗೆ ಬೆರಗಾಗಬೇಕು.

ಪ್ರಶ್ನೆ: ನಮ್ಮ ಕಡೆಯ ಮಾವುತನ ಮಗನೊಬ್ಬ ಇಂಗ್ಲೆಂಡಿಗೆ ಹೋಗಿ ದೊಡ್ಡ ನಟನಾದನೆಂದು ಅಜ್ಜ ಹೇಳುತ್ತಿದ್ದರು. ಇದು ಎಷ್ಟು ನಿಜ? (ಕಾಲೇಜು ವಿದ್ಯಾರ್ಥಿನಿ, ಎಚ್.ಡಿ. ಕೋಟೆ)

ನಿಮ್ಮ ಅಜ್ಜ ಹೇಳಿದ್ದು ನಿಜ. ಅವನ ಹೆಸರು ಸಾಬು. 1924ರಲ್ಲಿ ನಿಮ್ಮ ತಾಲ್ಲೂಕಿನ ಕಾರಾಪುರದಲ್ಲಿ ಹುಟ್ಟಿದವನು. ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತ.

ಇವನನ್ನು ಕರೆದೊಯ್ದ ಅಲೆಕ್ಸಾಂಡರ್ ಕೋರ್ಡಾನ ಕಥೆಯನ್ನು ಮೊದಲು ಹೇಳಬೇಕು. ಹಂಗೇರಿಯಿಂದ ಬಂದ ಕೋರ್ಡಾ 1933ರಲ್ಲಿ ಎಂಟನೆಯ ಹೆನ್ರಿಯ ಮೇಲೆ ತೆಗೆದ ಚಿತ್ರ ಅಮೆರಿಕದಲ್ಲೂ ಗೆದ್ದು, ನಾಯಕ ಚಾರ್ಲ್ಸ್ ಲಾಟನ್‌ಗೆ ಆಸ್ಕರ್ ತಂದುಕೊಟ್ಟಿತು. ಹಾಲಿವುಡ್ಡನ್ನು ಅದರ ಅಂಗಳದಲ್ಲೇ ಸೋಲಿಸಬಹುದೆಂಬ ನಂಬಿಕೆ ಹುಟ್ಟಿದ್ದೇ ತಡ, ಪ್ರುಡೆನ್ಷಿಯಲ್ ವಿಮಾ ಕಂಪನಿ ಹಣ ಸುರಿಯಿತು, 1936ರಲ್ಲಿ ಡೆನಮ್ ಎಂಬಲ್ಲಿ ಏಳು ಅಂತಸ್ತಿನಷ್ಟಲ್ಲದಿದ್ದರೂ ಏಳು ಚಿತ್ರೀಕರಣ ಮಂಟಪಗಳ ಭಾರೀ ಸ್ಟುಡಿಯೋ ಎದ್ದಿತು. ಆನೆ ಮತ್ತು ಹುಡುಗನ ಕಿಪ್ಲಿಂಗ್ ಕಥೆಯೊಂದನ್ನು ಚಿತ್ರಿಸಲು ಕೋರ್ಡಾ ಸಾಕ್ಷ್ಯಚಿತ್ರಗಳ ಹಿರಿಯ ರಾಬರ್ಟ್ ಫ್ಲಾಹರ್ಟಿಯನ್ನು ಮೈಸೂರಿಗೆ ಕಳುಹಿಸಿದ. ಹುಡುಗನನ್ನು ಹುಡುಕುತ್ತಿದ್ದ ತಂಡಕ್ಕೆ ಮಹಾರಾಜರ ಆನೆಲಾಯದಲ್ಲಿ ಸಾಬು ಕಂಡ. ಆನೆಯ ಪಾತ್ರಕ್ಕೆ ಅರಮನೆಯ ಐರಾವತನೇ ಬಂದ. ಕನ್ನಡದ ಮೊದಲ ಟಾಕಿ ತೆರೆಕಂಡು ಆಗಿನ್ನೂ ಹೆಚ್ಚು ದಿನಗಳಾಗಿರಲಿಲ್ಲ ಎಂಬುದನ್ನು ನೆನೆದರೆ ಮೈಸೂರಿನ ಕಾಡಿನಲ್ಲಿ ಆ ಕ್ಯಾಮೆರಾಗಳನ್ನು ಕಂಡವರ ಅಚ್ಚರಿಯನ್ನು ಊಹಿಸಬಹುದು.

ಫ್ಲಾಹರ್ಟಿ ತಾಳ್ಮೆಯಿಂದ ಆನೆ, ಕಾಡು, ಮಳೆಗಳನ್ನು ತೆಗೆಯುತ್ತಲೇ ಇದ್ದ. ಖರ್ಚು ಏರುತ್ತಲೇ ಇತ್ತು. ಕೊನೆಗೆ ತಂಡವನ್ನು ಹಿಂದಕ್ಕೆ ಕರೆಸಿ, ಕೋರ್ಡಾನ ತಮ್ಮ ಜೋಲ್ಟಾನ್ ಡೆನಮ್ ಸ್ಟುಡಿಯೋದಲ್ಲಿ ಉಳಿದ ದೃಶ್ಯಗಳನ್ನು ತೆಗೆದ. 1937ರ ಈ ‘ಎಲಿಫೆಂಟ್ ಬಾಯ್’ ನೋಡಿದರೆ ಎರಡೂ ಕೈಗಳು ಬೇರೆಬೇರೆಯಾಗಿ ಕಾಣುತ್ತವೆ: ಹುಡುಗ ಆನೆಯ ಮೈ ತೊಳೆಯುವಾಗ ನಿಜವಾದ ನೀರು, ನಿಜವಾದ ಬಿಸಿಲು, ದೊರೆಗಳ ಡೇರೆಯಲ್ಲಿ ಮಾತುಕತೆ ಶುರುವಾದೊಡನೆ ಬಣ್ಣ ಹಚ್ಚಿದ ಇಂಗ್ಲಿಷ್ ನಟರು. ವೆನಿಸ್ ಉತ್ಸವದಲ್ಲಿ ಚಿತ್ರಕ್ಕೆ ನಿರ್ದೇಶನದ ಪ್ರಶಸ್ತಿ ಬಂದಿತು.

ಸಾಬು ಇಂಗ್ಲೆಂಡಿನಲ್ಲೇ ಉಳಿದ. 1938ರ ‘ದ ಡ್ರಮ್’ನಲ್ಲಿ ಬ್ರಿಟಿಷರ ಪರ ನಿಲ್ಲುವ ಗಡಿನಾಡ ರಾಜಕುಮಾರನಾದ, ಸಾಮ್ರಾಜ್ಯವನ್ನು ಹೊಗಳುವ ಆ ಚಿತ್ರಕ್ಕೆ ಬೊಂಬಾಯಿಯಲ್ಲಿ ತೀವ್ರ ಪ್ರತಿಭಟನೆ ನಡೆಯಿತು. ‘ದ ಥೀಫ್ ಆಫ್ ಬಗ್ದಾದ್’ ಡೆನಮ್‌ನಲ್ಲಿ ಆರಂಭವಾಗಿ, ಯುದ್ಧ ಬಂದದ್ದರಿಂದ ಹಾಲಿವುಡ್ಡಿನಲ್ಲಿ ಮುಗಿಯಿತು. ಹಾಗೆ ಹೋದ ಸಾಬು ಅಮೆರಿಕದ ಪ್ರಜೆಯಾಗಿ, ಅವರ ವಾಯುಪಡೆಯ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಯುದ್ಧ ಮಾಡಿದ. 1947ರಲ್ಲಿ ಮೈಕೆಲ್ ಪೊವೆಲ್ ಮತ್ತು ಅವನ ಜೊತೆಗಾರ ಪ್ರೆಸ್‌ಬರ್ಗರ್ ಅವರ ‘ಬ್ಲ್ಯಾಕ್ ನಾರ್ಸಿಸಸ್’ಗಾಗಿ ಇಂಗ್ಲೆಂಡಿಗೆ ಮರಳಿದ. ಅದರ ಹಿಮಾಲಯವೆಲ್ಲ ಪೈನ್‌ವುಡ್ ಸ್ಟುಡಿಯೋದಲ್ಲಿ ಬರೆದ ಪರದೆಗಳು. ಅವನು ತೀರಿಕೊಂಡದ್ದು 1963ರಲ್ಲಿ, 39ನೆಯ ವಯಸ್ಸಿಗೆ.

ಪ್ರಶ್ನೆ: ಜೇಮ್ಸ್ ಬಾಂಡ್ ಚಿತ್ರಗಳು ಬ್ರಿಟಿಷ್ ಚಿತ್ರಗಳೋ ಅಮೆರಿಕದವೋ? (ಗೆಳೆಯರ ನಡುವಿನ ಪಂದ್ಯಕ್ಕಾಗಿ, ಮಂಗಳೂರು)

ಪಂದ್ಯದ ಹಣವನ್ನು ಅರ್ಧರ್ಧ ಹಂಚಿಕೊಳ್ಳುವುದು ಒಳ್ಳೆಯದು.

ಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ಸಿನಿಮಾ ನೋಡುವವರಿಗೆ ಕೊರತೆಯಿರಲಿಲ್ಲ. 1946ರಲ್ಲಿ 163 ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾದವು. ಕೊರತೆಯಿದ್ದದ್ದು ಡಾಲರಿಗೆ. 1947ರ ಆಗಸ್ಟಿನಲ್ಲಿ ಹಣಕಾಸು ಸಚಿವ ಹ್ಯೂ ಡಾಲ್ಟನ್ ವಿದೇಶಿ ಚಿತ್ರಗಳ ಮೇಲೆ ಶೇಕಡ 75ರ ಸುಂಕ ಹೇರಿದೊಡನೆ ಹಾಲಿವುಡ್ ಹೊಸ ಚಿತ್ರಗಳನ್ನು ಕಳುಹಿಸುವುದನ್ನೇ ನಿಲ್ಲಿಸಿತು. ಹಿಟ್ಟಿನ ಗಿರಣಿಯ ಮನೆತನದಿಂದ ಬಂದು ಆಗ ದೇಶದ ಅತಿ ದೊಡ್ಡ ಚಿತ್ರೋದ್ಯಮಿಯಾಗಿದ್ದ ಆರ್ಥರ್ ರ‍್ಯಾಂಕ್, ತೆರವಾದ ಜಾಗ ತುಂಬಲು ಸಾಲ ಮಾಡಿ ಚಿತ್ರಗಳನ್ನು ಆರಂಭಿಸಿದ. ಅವು ಸಿದ್ಧವಾಗುವ ಹೊತ್ತಿಗೆ, 1948ರ ಮಾರ್ಚಿನಲ್ಲಿ, ಸರ್ಕಾರ ರಾಜಿ ಮಾಡಿಕೊಂಡಿತು. ತಿಂಗಳುಗಟ್ಟಲೆ ತಡೆಹಿಡಿದಿದ್ದ ಹಾಲಿವುಡ್ ಚಿತ್ರಗಳೆಲ್ಲ ಕಟ್ಟೆಯೊಡೆದ ಕೆರೆಯಂತೆ ಒಮ್ಮೆಲೇ ನುಗ್ಗಿದವು. ಒಂದೆರಡು ವರ್ಷಗಳಲ್ಲಿ ರ‍್ಯಾಂಕ್ ಸಂಸ್ಥೆಯ ಬ್ಯಾಂಕ್ ಸಾಲ 1.6 ಕೋಟಿ ಪೌಂಡು ಮುಟ್ಟಿತು.

ಸುಂಕ ಸೋತ ಮೇಲೆ 1950ರಲ್ಲಿ ಬಂದದ್ದು ಈಡಿ ನಿಧಿ, ಖಜಾನೆಯ ಅಧಿಕಾರಿ ವಿಲ್‌ಫ್ರೆಡ್ ಈಡಿಯ ಹೆಸರಿನದು. ಪ್ರತಿ ಟಿಕೆಟ್ಟಿನಿಂದ ಚಿಕ್ಕಾಸು ಎತ್ತಿಟ್ಟು, ಬ್ರಿಟಿಷ್ ಚಿತ್ರಗಳಿಗೆ ಅವುಗಳ ಗಳಿಕೆಗೆ ತಕ್ಕಂತೆ ಹಂಚುವ ಏರ್ಪಾಡು. ಹೆಚ್ಚು ಓಡಿದ ಚಿತ್ರಕ್ಕೆ ಹೆಚ್ಚು ಹಣ. ಬ್ರಿಟಿಷ್ ಎಂಬುದರ ಅಳತೆ ಇಲ್ಲೂ ಹಳೆಯದೇ: ಕಂಪನಿ ಎಲ್ಲಿ ನೋಂದಣಿಯಾಗಿದೆ, ಸಂಬಳ ಯಾರಿಗೆ ಹೋಗಿದೆ. ಬಂಡವಾಳ ಯಾರದೆಂದು ಕೇಳುವವರಿರಲಿಲ್ಲ. ಹಾಗಾಗಿ 1962ರ ಮೊದಲ ಬಾಂಡ್ ಚಿತ್ರದಲ್ಲಿ ಒಬ್ಬ ನಿರ್ಮಾಪಕ ಕೆನಡಾದವನು, ಇನ್ನೊಬ್ಬ ಅಮೆರಿಕದವನು, ಹಣ ಅಮೆರಿಕದ ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿಯದು. ಕಥೆಗಾರ ಇಂಗ್ಲಿಷಿನವನು, ನಟ ಸ್ಕಾಟ್ಲೆಂಡಿನವನು, ಸ್ಟುಡಿಯೋ ಪೈನ್‌ವುಡ್, ಕೆಲಸಗಾರರು ಬ್ರಿಟಿಷರು. ಕಾನೂನಿನ ಕಣ್ಣಿನಲ್ಲಿ ಅದು ಬ್ರಿಟಿಷ್ ಚಿತ್ರ, ಲಾಭದ ಲೆಕ್ಕಪುಸ್ತಕದಲ್ಲಿ ಬಹುಪಾಲು ಅಮೆರಿಕದ್ದು. ಅರವತ್ತರ ದಶಕದ ಕೊನೆಗೆ ಬ್ರಿಟಿಷ್ ಚಿತ್ರಗಳ ಬಂಡವಾಳದ ಸಿಂಹಪಾಲು ಅಮೆರಿಕದಿಂದಲೇ ಬರುತ್ತಿತ್ತು. ಆ ಕಂಪನಿಗಳು ನಷ್ಟಕ್ಕೆ ಬಿದ್ದು ಕೈ ಹಿಂದೆಗೆದಾಗ ಎಪ್ಪತ್ತರ ದಶಕದ ಬ್ರಿಟಿಷ್ ಸ್ಟುಡಿಯೋಗಳು ಭಣಗುಟ್ಟಿದವು. ಟಿಕೆಟ್ ಮಾರಾಟ 1984ರಲ್ಲಿ 5.4 ಕೋಟಿಗೆ ಇಳಿಯಿತು. ಮರುವರ್ಷ ಈಡಿ ನಿಧಿಯೂ ರದ್ದಾಯಿತು.

ಪ್ರಶ್ನೆ: ಸಾವನದುರ್ಗದಲ್ಲಿ ಇಂಗ್ಲಿಷ್ ಚಿತ್ರವೊಂದರ ಚಿತ್ರೀಕರಣ ನಡೆದಿತ್ತೆಂದು ಕೇಳಿದ್ದೇನೆ. ಅದು ಯಾವುದು? (ಚಾರಣಪ್ರಿಯರೊಬ್ಬರು, ಮಾಗಡಿ)

ಡೇವಿಡ್ ಲೀನ್ ನಿರ್ದೇಶಿಸಿದ, 1984ರ ‘ಎ ಪ್ಯಾಸೇಜ್ ಟು ಇಂಡಿಯಾ’. ಇ.ಎಂ. ಫಾರ್ಸ್ಟರ್ ಕಾದಂಬರಿಯ ಮರಬಾರ್ ಗುಹೆಗಳಿಗೆ ಮೂಲವಾದ ಬಿಹಾರದ ಬರಾಬರ್ ಗುಡ್ಡಗಳು ಲೀನ್ ಕಣ್ಣಿಗೆ ಸಪ್ಪೆಯಾಗಿ ಕಂಡವು. ಅವನಿಗೆ ಒಪ್ಪಿಗೆಯಾದದ್ದು ಸಾವನದುರ್ಗದ ಬೋಳು ಬಂಡೆ ಮತ್ತು ರಾಮನಗರದ ರಾಮದೇವರಬೆಟ್ಟ. ಬೆಂಗಳೂರು ಅರಮನೆಯನ್ನೂ ಚಿತ್ರಕ್ಕೆ ಬಳಸಿಕೊಂಡರು. ಪೆಗ್ಗಿ ಆಶ್‌ಕ್ರಾಫ್ಟ್ ಅವರ ಅಭಿನಯಕ್ಕೂ ಮೊರೀಸ್ ಜಾರ್ ಅವರ ಸಂಗೀತಕ್ಕೂ ಆಸ್ಕರ್ ಬಂದವು.

ಲೀನ್ ನಿರ್ದೇಶಿಸಿದ ಕೊನೆಯ ಚಿತ್ರ ಅದೇ. ಅವನು ಲಂಡನ್ನಿನ ಗೋಮೋಂಟ್ ಸ್ಟುಡಿಯೋದಲ್ಲಿ ಚಹಾ ತಂದುಕೊಡುವ ಹುಡುಗನಾಗಿ ಸೇರಿಕೊಂಡದ್ದು 1927ರಲ್ಲಿ. ಧಾರವಾಡದ ಓದುಗರು ಕೇಳಿದ ಆ ಕಾಯ್ದೆ ಬಂದ ವರ್ಷ.